ಸೊಲಾಂಜ್ ಕೇಳಿದ ನಾಲ್ಕು ನಿಮಿಷ

ತುಮಕೂರು
೧೫ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಮೇಷ್ಟ್ರಿಗೆ,

ನಿಮ್ಮ ನೇತ್ರಾವತಿ ಮಾಡುವ ನಮಸ್ಕಾರಗಳು. ಮದುವೆಯಾದ ಇಪ್ಪತ್ತಾರು ವರ್ಷವೂ ಊರವರ ಹಾಗೆ ನಾನೂ ನಿಮ್ಮನ್ನು ಮೇಷ್ಟ್ರೇ ಎಂದೇ ಕರೆದವಳು. ಈಗ ಕಾಗದದ ಮೇಲೆ ಬೇರೆ ಏನಾದರೂ ಬರೆಯೋಣವೆಂದರೆ ಕೈ ಏಳಲಿಲ್ಲ. ಹೇಗಿದ್ದೀರಿ? ಎಡಗಾಲಿನ ಮಂಡಿ ನೋವು ಈ ಚಳಿಗೆ ಹೆಚ್ಚಾಗಿರಬೇಕು. ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಿ, ಹಚ್ಚಿದ ಮೇಲೆ ತಣ್ಣೀರಿಗೆ ಕಾಲು ಇಡಬೇಡಿ. ಹೊಂಬಾಳಮ್ಮ ಅತ್ತಿಗೆಯ ಕಣ್ಣಿನ ಪೊರೆ ತೆಗೆಸಿದ್ದೀರೆಂದು ನಿಮ್ಮ ತಬಲಾ ಗಂಗರಾಜು ಹೇಳಿದ. ಆಪರೇಷನ್ ಆದವರು ಒಲೆಯ ಮುಂದೆ ಕೂರಬಾರದು. ಅವರು ಕೇಳುವ ಪೈಕಿಯಲ್ಲ, ಆದರೂ ನೀವು ಹೇಳಿ. ಬಿ.ಪಿ. ಮಾತ್ರೆ ಬಿಟ್ಟಿಲ್ಲ ತಾನೆ?

ನಾನು ಚೆನ್ನಾಗಿದ್ದೇನೆ. ಅಂತರಸನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಅದೇ ಚೆಕಿಂಗ್ ಕೆಲಸ, ಅದೇ ಕಾಲರು, ಅದೇ ಕಾಜ. ಐದೂವರೆಗೆ ಫ್ಯಾಕ್ಟರಿ ಬಸ್ಸು ಇಳಿದು ಮನೆಗೆ ಬಂದು ಬೀಗ ತೆಗೆದಾಗ ಒಂದು ಗಳಿಗೆ ಬಾಗಿಲಲ್ಲೇ ನಿಂತುಬಿಡುತ್ತೇನೆ. ಒಳಗೆ ಯಾರೋ ಇದ್ದಾರೆ ಎನ್ನುವುದಕ್ಕಲ್ಲ, ಯಾರೂ ಇಲ್ಲ ಎನ್ನುವುದು ಇನ್ನೂ ಅಭ್ಯಾಸವಾಗಿಲ್ಲ, ಅಷ್ಟೆ. ಮಕ್ಕಳಿಲ್ಲದ ಮನೆ ಎಂದು ಜನ ಹೇಳುತ್ತಿದ್ದರಲ್ಲ, ಆಗ ನನಗೆ ಹಾಗೆ ಅನ್ನಿಸಿರಲೇ ಇಲ್ಲ. ಬೆಳಗಾದರೆ ಯಾವುದೋ ಹಳ್ಳಿಯ ನಾಟಕದವರು ಬಂದು ಕೂರುತ್ತಿದ್ದರು, ಅರ್ಧ ಲೀಟರ್ ಹಾಲಿನಲ್ಲಿ ಹತ್ತು ಜನಕ್ಕೆ ಟೀ ಮಾಡು ಎನ್ನುತ್ತಿದ್ದಿರಿ ನೀವು. ಈಗ ಕಾಲು ಲೀಟರ್ ತರುತ್ತೇನೆ, ಅದೂ ಒಡೆದುಹೋಗುತ್ತದೆ.

ನೀವು ಕುಣಿಗಲ್ಲಿಗೆ ಹೋಗಿ ಒಂದು ವರ್ಷ ನಾಲ್ಕು ತಿಂಗಳಾಯಿತು. ಫೋನಿನಲ್ಲಿ ಮಾತಾಡಿದರೆ ನಿಮಗೆ ಕೇಳುವುದಿಲ್ಲ, ಮೆಸೇಜು ಹಾಕಿದರೆ ನೋಡುವುದಿಲ್ಲ. ಅದಕ್ಕೇ ಈ ಕಾಗದ. ಇದರೊಳಗೆ ಇನ್ನೊಂದು ಹಾಳೆ ಇದೆ, ಅದನ್ನು ಆಮೇಲೆ ನೋಡಿ. ಮೊದಲು ನಾನು ಹೇಳುವುದನ್ನು ಓದಿ. ಅರ್ಧಕ್ಕೆ ಮಡಚಿಡಬೇಡಿ.

ಅಕ್ಟೋಬರಿನಲ್ಲಿ ಗಂಗರಾಜು ಮನೆಗೆ ಬಂದಿದ್ದ. ಅವನೀಗ ತಬಲಾ ಬಿಟ್ಟು, ಕಡ್ಡಿಯಿಂದ ಬಾರಿಸುವ ಕರೆಂಟಿನ ಪ್ಯಾಡ್ ಇಟ್ಟುಕೊಂಡಿದ್ದಾನೆ. ಬೈಯಬೇಡಿ, ಹಳ್ಳಿಯವರೇ ಅದನ್ನು ಕೇಳುತ್ತಾರಂತೆ. ಅವನು ಆರು ವರ್ಷದ ಹಿಂದೆ ಊರ್ಡಿಗೆರೆ ನಾಟಕದ ವಿಡಿಯೋ ಒಂದನ್ನು ಯೂಟ್ಯೂಬಿಗೆ ಹಾಕಿದ್ದನಂತೆ. ಸೋತ ರಾಜ ಒಬ್ಬನೇ ಮರದ ಕೆಳಗೆ ಕೂತಿರುವಾಗ, ಮಾತೂ ಇಲ್ಲದೆ ಹಾಡೂ ಇಲ್ಲದೆ ನೀವು ನಾಲ್ಕು ನಿಮಿಷ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದಿರಲ್ಲ, ಅದು. ಅಷ್ಟು ವರ್ಷಕ್ಕೆ ಅದನ್ನು ನೋಡಿದವರು ನಾನೂರು ಜನವಂತೆ, ಅದರಲ್ಲಿ ಅರ್ಧ ಅವನ ನೆಂಟರು. ಅದರ ಕೆಳಗೆ ಯಾರೋ ಇಂಗ್ಲಿಷಿನಲ್ಲಿ, ಇದನ್ನು ನುಡಿಸುತ್ತಿರುವವರು ಯಾರು, ನಾನು ಅವರನ್ನು ನೋಡಬೇಕು ಎಂದು ಬರೆದಿದ್ದರು. ಗಂಗರಾಜು ತಮಾಷೆ ಎಂದುಕೊಂಡು ನನ್ನ ನಂಬರು ಕೊಟ್ಟುಬಿಟ್ಟಿದ್ದ. ನವೆಂಬರ್ ಮೂರನೇ ತಾರೀಖು ಆಕೆ ನಮ್ಮ ಮನೆಯ ಮುಂದೆ ಆಟೋದಿಂದ ಇಳಿದರು.

ಹೆಸರು ಸೊಲಾಂಜ್. ವಯಸ್ಸು ಐವತ್ತೆರಡು, ನನಗಿಂತ ಮೂರು ವರ್ಷ ದೊಡ್ಡವರು. ಎತ್ತರದ ಆಳು, ನಮ್ಮ ಬಣ್ಣಕ್ಕಿಂತ ಒಂದು ಪಟ್ಟು ಕಪ್ಪು, ನರೆತ ಕೂದಲನ್ನು ನೂರು ಸಣ್ಣ ಜಡೆ ಮಾಡಿ ಹಿಂದಕ್ಕೆ ಕಟ್ಟಿದ್ದರು. ಹುಟ್ಟಿದ್ದು ಕೆರಿಬಿಯನ್ ಸಮುದ್ರದಲ್ಲಿ ಗ್ವಾಡೆಲೂಪ್ ಎನ್ನುವ ದ್ವೀಪದಲ್ಲಿ, ಈಗ ಇರುವುದು ಪ್ಯಾರಿಸ್ಸಿನಲ್ಲಿ. ಅಲ್ಲಿ ಅವರು ಆರ್ಗನ್ ನುಡಿಸುತ್ತಾರೆ, ಜಾಝ್ ಸಂಗೀತದವರು. ಜಾಝ್ ಎಂದರೇನೆಂದು ನಾನು ಗಂಗರಾಜುವನ್ನು ಕೇಳಿದೆ. "ನಾಟ್ಕದಲ್ಲಿ ಆಲಾಪ ಎಳೀತಾರಲ್ಲಕ್ಕಾ, ಯಾವಾಗ್ ಮುಗೀತದೆ ಅಂತ ಹಾಡೋನ್ಗೂ ಗೊತ್ತಿರಲ್ಲ, ಹಂಗೇಯ" ಎಂದ. ಸೊಲಾಂಜ್ ಇಂಗ್ಲಿಷನ್ನು ಫ್ರೆಂಚಿನ ಹಾಗೆ ಆಡುತ್ತಾರೆ, ನನ್ನ ಇಂಗ್ಲಿಷು ಪಿಯುಸಿಗೇ ನಿಂತಿದ್ದು. ಅವರ ಫೋನು ಅವರ ಮಾತನ್ನು ಕನ್ನಡ ಮಾಡಿ ಹೇಳುತ್ತಿತ್ತು. "ತಮ್ಮ ಪತಿದೇವರು ಎಲ್ಲಿ ವಾಸವಾಗಿರುವರು?" ಎಂದು ಅದು ಮೊದಲನೇ ಸಲ ಕೇಳಿದಾಗ ನನಗೆ ನಗು ಬಂತು. ಊರಲ್ಲಿಲ್ಲ, ಮೈ ಹುಷಾರಿಲ್ಲ ಎಂದೆ. ಕಿವಿಯ ವಿಷಯ ಹೇಳಲಿಲ್ಲ. ನನ್ನ ಹಳೇ ಚಾಳಿ ಅದು, ಮುಚ್ಚಿಡುವುದು.

ಅವರು ಕ್ಯಾತ್ಸಂದ್ರದ ಹತ್ತಿರ ಲಾಡ್ಜಿನಲ್ಲಿ ಇಳಿದಿದ್ದರು. ದಿನಾ ಸಂಜೆ ನಾನು ಬರುವ ಹೊತ್ತಿಗೆ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದು ಜಗಲಿಯ ಮೇಲೆ ಕೂತಿರುತ್ತಿದ್ದರು. ಬೀಗ ತೆಗೆಯುವಾಗ ಹಿಂದೆ ಒಬ್ಬರು ನಿಂತಿರುವುದು ಎಷ್ಟು ಸಮಾಧಾನ ಎನ್ನುವುದು ನನಗೆ ಮರೆತೇಹೋಗಿತ್ತು, ಮೇಷ್ಟ್ರೇ. ಅವರ ಸಾಮಾನು ನೋಡಬೇಕಿತ್ತು ನೀವು. ಉದ್ದದ ಒಂದು ಕೀಬೋರ್ಡು, ಮೈತುಂಬ ತಿರುಗಣೆ ಇರುವ ಎರಡು ಡಬ್ಬಿ, ಒಂದು ಲ್ಯಾಪ್‌ಟಾಪು, ಹಾವಿನ ಮರಿಗಳ ಹಾಗೆ ವೈರು. ಅವರಪ್ಪ ದ್ವೀಪದ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರಂತೆ. ಭಾನುವಾರ ಚರ್ಚಿನೊಳಗೆ ಅಪ್ಪನ ಆರ್ಗನ್ ನಡೆದರೆ, ಹಿಂದಿನ ಬೀದಿಯಲ್ಲಿ ಹಳೇ ಪೀಪಾಯಿಗೆ ಮೇಕೆ ಚರ್ಮ ಬಿಗಿದ ಡೋಲು ಬಡಿಯುತ್ತಿದ್ದರಂತೆ. ಕಬ್ಬಿನ ಗದ್ದೆಯಲ್ಲಿ ಗುಲಾಮರಾಗಿ ದುಡಿದವರ ಕಾಲದಿಂದ ಬಂದ ಡೋಲು. ಮರ್ಯಾದಸ್ಥರ ಮನೆ ಹುಡುಗಿ ಅತ್ತ ಹೋಗಬಾರದೆಂದು ಅಪ್ಪ ಕಿಟಕಿ ಮುಚ್ಚಿಸುತ್ತಿದ್ದರು. ಹುಡುಗಿ ದೊಡ್ಡವಳಾಗಿ ಅದೇ ಎರಡನ್ನೂ ಒಟ್ಟಿಗೆ ಕೂರಿಸಿದಳು. ಡೋಲಿನ ಪೆಟ್ಟನ್ನು ಆ ಡಬ್ಬಿಗಳಲ್ಲಿ ಹಿಡಿದು, ಎಳೆದು, ಕತ್ತರಿಸಿ, ಅದರ ಮೇಲೆ ಅಪ್ಪನ ಆರ್ಗನ್ನು. ನನಗೆ ಒಂದನ್ನು ಹಾಕಿ ಕೇಳಿಸಿದರು. ಮೊದಲು ನಮ್ಮ ಫ್ಯಾಕ್ಟರಿಯ ಮಿಷನ್ನುಗಳು ಹಾಡುತ್ತಿವೆಯೋ ಎನ್ನಿಸಿತು. ಮೂರನೇ ಸಲ ಕೇಳುವಾಗ ಒಳಗೆ ಯಾರೋ ನಡೆದುಕೊಂಡು ಬರುತ್ತಿರುವುದು ಗೊತ್ತಾಯಿತು.

ನಿಮ್ಮ ಕಾಲು ಹಾರ್ಮೋನಿಯಂ ನೋಡಬೇಕೆಂದು ಅವರು ಕೇಳಿದರು. ನೀವು ಹೋದ ಮೇಲೆ ನಾನು ಅದರ ಮೇಲಿನ ದುಪ್ಪಟಿ ಎತ್ತಿರಲಿಲ್ಲ. ಎತ್ತಿದರೆ ಥಂಡಿಗೆ ಎರಡು ಸ್ವರದ ಮನೆ ಒತ್ತಿದರೆ ಏಳದೆ ಹಿಡಿದುಕೊಂಡಿದ್ದವು, ತಿದಿಯ ಒಂದು ಮೂಲೆಯಲ್ಲಿ ಗಾಳಿ ಸೋರುತ್ತಿತ್ತು. ಸೊಲಾಂಜ್ ನೆಲದ ಮೇಲೆ ಅಂಗಾತ ಮಲಗಿ, ಟಾರ್ಚು ಹಿಡಿದು, ತಮ್ಮ ಹತ್ತಿರ ಇದ್ದ ತೆಳು ಚರ್ಮ ಅಂಟಿಸಿ ಸರಿ ಮಾಡಿದರು. ಸೀರೆ ಉಟ್ಟು ಕೂತು ನೋಡುತ್ತಿದ್ದ ನನಗೆ, ಹೆಂಗಸು ಹೀಗೂ ಒಂದು ವಾದ್ಯದ ಕೆಳಗೆ ಮಲಗಬಹುದೇ ಎನ್ನಿಸಿತು. ಆಮೇಲೆ ಕೂತು ಕಾಲು ತುಳಿದು ನುಡಿಸಲು ನೋಡಿದರು. ಅವರ ಊರಿನ ಆರ್ಗನ್ನಿಗೂ ಕಾಲು ಬೇಕಂತೆ, ಆದರೆ ಅಲ್ಲಿ ಕಾಲು ಸ್ವರವನ್ನೇ ನುಡಿಸುತ್ತದೆ, ಇಲ್ಲಿ ಬರೀ ಗಾಳಿ ಊದುತ್ತದೆ. ಅದಕ್ಕೆ ಅವರ ಪಾದ ಸುಮ್ಮನೆ ಅಲ್ಲಿ ಇಲ್ಲಿ ಸ್ವರ ಹುಡುಕಿಕೊಂಡು ಹೋಗುತ್ತಿತ್ತು. ಇಬ್ಬರೂ ನಕ್ಕೆವು. ನಿಮ್ಮ ಆ ನಾಲ್ಕು ನಿಮಿಷವನ್ನು ಅವರು ವಿಡಿಯೋ ಕೇಳಿ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನುಡಿಸಿದರು. ಎಲ್ಲ ಸರಿ ಇತ್ತು, ಮಧ್ಯಮದಿಂದ ಗಾಂಧಾರಕ್ಕೆ ಇಳಿಯುವಾಗ ಮಾತ್ರ ತಪ್ಪುತ್ತಿತ್ತು. ನೀವು ಅಲ್ಲಿ ಇಳಿಯುವ ಮುಂಚೆ ಸ್ವರದಲ್ಲೇ ಒಂದು ಸಲ ಹಿಂದಕ್ಕೆ ತಿರುಗಿ ನೋಡುತ್ತಿದ್ದಿರಲ್ಲ. "ಹಾಗಲ್ಲ" ಎಂದುಬಿಟ್ಟೆ, ಕನ್ನಡದಲ್ಲಿ. ಅವರು ಎದ್ದು ಸ್ಟೂಲು ಬಿಟ್ಟುಕೊಟ್ಟರು.

ಮದುವೆಗೆ ಮುಂಚೆ ನಿಮ್ಮ ಹತ್ತಿರ ಎಂಟು ತಿಂಗಳು ಕಲಿತಿದ್ದೆ. ಮದುವೆಯಾದ ಮೇಲೆ ನೀವು ಬೇಡ ಎನ್ನಲಿಲ್ಲ, ನಾನು ಕೇಳಲಿಲ್ಲ, ಹಾಗೇ ನಿಂತುಹೋಯಿತು. ಇಪ್ಪತ್ತಾರು ವರ್ಷದ ಮೇಲೆ ಆ ಸ್ಟೂಲಿನ ಮೇಲೆ ಕೂತೆ. ಬೆರಳು ಮರದ ತುಂಡಿನಂತಿತ್ತು, ಆದರೆ ದಾರಿ ಗೊತ್ತಿತ್ತು. ಅಡುಗೆಮನೆಯಲ್ಲಿ ನಿಂತು ಎಷ್ಟು ಸಾವಿರ ಸಲ ಕೇಳಿದ್ದೇನೋ. ನಿಮಗೆ ಮೈ ಹುಷಾರಿಲ್ಲ ಎಂದಿದ್ದೆನಲ್ಲ, ಮುಗಿದ ಮೇಲೆ ಸೊಲಾಂಜ್ ನನ್ನ ಮುಖ ನೋಡಿ, ಫೋನು ಮುಂದೆ ಹಿಡಿದು ಏನೋ ಅಂದರು, ಅದು ಕನ್ನಡದಲ್ಲಿ ಕೇಳಿತು: "ಇಲ್ಲಿ ರೋಗಿ ಯಾರು, ಅವರೋ ನೀವೋ?" ಆವತ್ತು ಅವರಿಗೆ ಎಲ್ಲ ಹೇಳಿದೆ. ಬಿಕ್ಕಿ ಬಿಕ್ಕಿ ಹೇಳಿದ್ದರಿಂದ ಫೋನಿಗೆ ಅರ್ಥವಾಗಲಿಲ್ಲ, ಅವರಿಗೆ ಆಯಿತು.

ಅವರಿಗೆ ಹೇಳಿದ್ದನ್ನು ನಿಮಗೂ ಬರೆಯಬೇಕು. ನಿಮ್ಮ ಕಿವಿ ಮಂದವಾಗುತ್ತಿರುವುದು ನನಗೆ ನಿಮಗಿಂತ ಒಂದು ವರ್ಷ ಮುಂಚೆ ಗೊತ್ತಿತ್ತು. ಕುಕ್ಕರಿನ ಪಕ್ಕ ಕೂತು ಪೇಪರ್ ಓದುತ್ತಾ, ವಿಷಲ್ ಆಯಿತೇನೇ ಎಂದು ನೀವು ನನ್ನನ್ನು ಕೇಳಿದ ದಿನ ಗೊತ್ತಾಯಿತು. ಗಂಗರಾಜು ತಬಲಾ ಸರಿಯಾಗಿ ಶ್ರುತಿ ಮಾಡಿದ್ದರೂ ಅವನಿಗೆ ಬೈದ ದಿನ ಖಾತ್ರಿಯಾಯಿತು. ಹಾರ್ಮೋನಿಯಂ ಮೇಷ್ಟ್ರಿಗೆ ಕಿವಿ ಹೋಗುತ್ತಿದೆ ಎಂದು ಹೆಂಡತಿ ಹೇಳುವುದು ಹೇಗೆ? ಅದರ ಬದಲು ಪ್ರಾಕ್ಟೀಸಿಗೆಲ್ಲ ನಿಮ್ಮ ಜೊತೆ ಬರತೊಡಗಿದೆ. ಎದುರಿಗೆ ಕೂತು, ಹಾಡುವವನು ಎಲ್ಲಿ ಎಳೆಯುತ್ತಾನೆ, ಎಲ್ಲಿ ಬಿಡುತ್ತಾನೆ ಎನ್ನುವುದನ್ನು ತಲೆ ಆಡಿಸಿ ತೋರಿಸುತ್ತಿದ್ದೆ. ನೀವು ನನ್ನ ಮುಖ ನೋಡುತ್ತಾ ನುಡಿಸುತ್ತಿದ್ದಿರಿ. ಹೆಂಡತಿಗೆ ಈ ವಯಸ್ಸಿನಲ್ಲಿ ಸಂಗೀತದ ಮೇಲೆ ಪ್ರೀತಿ ಬಂತು ಎಂದು ಹೇಳಿಕೊಂಡು ತಿರುಗುತ್ತಿದ್ದಿರಿ. ನನಗೆ ಒಳಗೆ ಸಂಕಟ, ಆದರೂ ಇನ್ನೊಂದು ದಿನ ಕಳೆಯಿತಲ್ಲ ಎನ್ನುವ ನೆಮ್ಮದಿ.

ಗುಬ್ಬಿಯ ನಾಟಕ ಸ್ಪರ್ಧೆಯ ದಿನ ನನ್ನನ್ನು ಹೆಂಗಸರ ಸಾಲಿನಲ್ಲಿ ಹಿಂದೆ ಕೂರಿಸಿದರು. ಮುಂದಿದ್ದ ತಲೆಗಳ ನಡುವೆ ನಿಮಗೆ ನಾನು ಕಾಣಲಿಲ್ಲ. ರಾಜಪಾರ್ಟಿನ ಅಡವಿಯಪ್ಪ ಹಾಡುತ್ತಾ ಹಾಡುತ್ತಾ, ನೀವು ಜೊತೆಗೆ ಬರುತ್ತಿಲ್ಲವೆಂದು ನಿಲ್ಲಿಸಿ ನಿಮ್ಮ ಕಡೆ ತಿರುಗಿದ. ತಬಲಾ ನಿಂತಿತು. ಇಡೀ ಹಾಲ್ ಸುಮ್ಮನಾಯಿತು. ನೀವು ಕಣ್ಣು ಮುಚ್ಚಿಕೊಂಡು ನುಡಿಸುತ್ತಲೇ ಇದ್ದಿರಿ. ಎಲ್ಲಿಂದಲೋ ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಕಣ್ಣು ಬಿಟ್ಟಾಗ ನಿಮಗೆ ಕಂಡದ್ದು ಸದ್ದಿಲ್ಲದೆ ನಗುತ್ತಿದ್ದ ನೂರಾರು ಬಾಯಿ. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಇಷ್ಟ್ ದಿನ ನಿನ್ ತಲೆ ನೋಡ್ಕೊಂಡ್ ನುಡಿಸ್ತಿದ್ನಾ ನಾನು? ನಿಂಗೆ ಗೊತ್ತಿತ್ತು, ಅಲ್ವಾ?" ಎಂದಿರಿ. ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ. ಡಾಕ್ಟರು ಕಿವಿಯ ನರ ಸತ್ತಿದೆ ಎಂದರು. ಮಿಷನ್ ಹಾಕಿಕೊಂಡರೆ ತಗಡಿನ ಮೇಲೆ ಜಲ್ಲಿ ಸುರಿದಂತಾಗುತ್ತದೆ ಎಂದು ನೀವು ಅದನ್ನು ತೆಗೆದಿಟ್ಟಿರಿ. ತಿಂಗಳೊಳಗೆ ಅಕ್ಕನ ಮನೆಗೆ ಹೋಗಿಬರುತ್ತೇನೆಂದು ಚೀಟಿ ಬರೆದಿಟ್ಟು ಹೊರಟಿರಿ. ಇವತ್ತಿಗೂ ನಾನು ಗೊತ್ತಿತ್ತು ಎಂದು ಬಾಯಿಬಿಟ್ಟು ಹೇಳಿಲ್ಲ. ಈಗ ಬರೆಯುತ್ತಿದ್ದೇನೆ. ಗೊತ್ತಿತ್ತು, ಮೇಷ್ಟ್ರೇ. ತಪ್ಪು ನನ್ನದು. ನಿಮ್ಮ ಮಾನ ಉಳಿಸುತ್ತಿದ್ದೇನೆ ಅಂದುಕೊಂಡೆ, ಅದು ಊರಿನ ಮುಂದೆಯೇ ಹೋಗುವ ಹಾಗೆ ಮಾಡಿದೆ.

ಇನ್ನೊಂದು ವಿಷಯವೂ ನಿಮಗೆ ಗೊತ್ತಿಲ್ಲ. ನಾನು ಕುಣಿಗಲ್ಲಿಗೆ ಬಂದಿದ್ದೆ. ನವೆಂಬರ್ ಹನ್ನೆರಡು, ಮಂಗಳವಾರ. ಕೆಲಸಕ್ಕೆ ರಜೆ ಹಾಕಿ ಸೊಲಾಂಜ್ ಜೊತೆ ಹೆಬ್ಬೂರಿನ ಮೇಲೆ ಬಸ್ಸಿನಲ್ಲಿ ಬಂದೆ. ಅತ್ತಿಗೆಯ ಮನೆಗೆ ಹೋಗುವ ಮುಂಚೆಯೇ ದಾರಿಯಲ್ಲಿ ಆ ಹಿಟ್ಟಿನ ಮಿಲ್ಲು ಸಿಕ್ಕಿತು. ಎದುರು ಮಗ್ಗುಲಿನ ಬಸ್ ಸ್ಟಾಪಿನ ಕೆಳಗೆ ನಿಂತು ನೋಡಿದೆವು. ನೀವು ಅಲ್ಲಿ ಕೆಲಸಕ್ಕೆ ಹೋಗುತ್ತೀರೆಂದು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ರೆಪ್ಪೆಯವರೆಗೂ ಹಿಟ್ಟು. ಮಿಷನ್ನಿನ ಸದ್ದು ರಸ್ತೆ ದಾಟಿ ನಮ್ಮ ಎದೆಗೆ ಬಡಿಯುತ್ತಿತ್ತು. ಒಳಗಿದ್ದವರೆಲ್ಲ ಕೈ ಬಾಯಿ ತಿರುಗಿಸಿ ಮಾತಾಡುತ್ತಿದ್ದರು, ಆ ಸದ್ದಿನಲ್ಲಿ ಎಲ್ಲರೂ ಕಿವುಡರೇ. ನೀವು ಮಿಷನ್ನಿನ ಮೈಮೇಲೆ ಅಂಗೈ ಇಟ್ಟು ನಿಂತಿದ್ದಿರಿ. ಯಾರೋ ಮುದುಕಿಯ ರಾಗಿ ಇನ್ನೂ ಬೀಳುತ್ತಿತ್ತು, ಅದು ಮುಗಿಯುವುದು ಅಂಗೈಗೇ ಕೇಳಿಸಿತೆನ್ನುವ ಹಾಗೆ ಒಂದು ಗಳಿಗೆ ಮುಂಚೆಯೇ ಕೈ ತೆಗೆದು ಬೇರೆ ಚೀಲ ಎತ್ತಿಕೊಂಡಿರಿ. ಸೊಲಾಂಜ್ ನನ್ನ ತೋಳು ಹಿಡಿದರು. ಫೋಟೋ ತೆಗೆಯಲು ಫೋನು ಎತ್ತಲಿಲ್ಲ ಅವರು. ಮುದುಕಿ ಏನೋ ಕೈಸನ್ನೆ ಮಾಡಿದಳು. ನೀವು ನಕ್ಕಿರಿ.

ಎಷ್ಟು ದಿನವಾಗಿತ್ತು ಆ ನಗು ನೋಡಿ. ನಾನು ರಸ್ತೆ ದಾಟಿ ಬಂದರೆ ಅದು ನಿಂತುಹೋಗುತ್ತದೆ ಅನ್ನಿಸಿತು. ನನ್ನ ಮುಖ ನೋಡಿದರೆ ನಿಮಗೆ ಗುಬ್ಬಿಯೇ ನೆನಪಾಗುವುದು ತಾನೆ? ಬೇಡ, ಹೋಗೋಣ ಎಂದೆ. ಸೊಲಾಂಜ್ ಒತ್ತಾಯ ಮಾಡಲಿಲ್ಲ. ವಾಪಸ್ಸು ಬರುವ ಬಸ್ಸಿನಲ್ಲಿ ಅವರು ತಮ್ಮ ಕಥೆಯ ಉಳಿದ ಭಾಗ ಹೇಳಿದರು. ಡೋಲನ್ನೂ ಆರ್ಗನ್ನನ್ನೂ ಸೇರಿಸಿದ ಮೊದಲ ರೆಕಾರ್ಡು ಕೇಳಿ ಅವರಪ್ಪ ಇದು ಗಲಾಟೆ ಎಂದು ಎದ್ದುಹೋದರಂತೆ. ಮಗಳು ಸಿಟ್ಟಿನಿಂದ ಊರು ಬಿಟ್ಟಳು. ಮುಂದಿನ ಇಪ್ಪತ್ತು ವರ್ಷ ಹೊಸ ರೆಕಾರ್ಡು ಬಂದಾಗಲೆಲ್ಲ ಒಂದನ್ನು ಅಪ್ಪನಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಹೋಗಿ ಬೀರು ತೆಗೆದರೆ ಒಂಬತ್ತೂ ಇದ್ದವು, ಜೋಪಾನವಾಗಿ, ತಾರೀಖಿನ ಪ್ರಕಾರ ಜೋಡಿಸಿ. ಒಂದರ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಇದನ್ನು ಹೇಳುವಾಗ ಅವರು ಅಳಲಿಲ್ಲ. ಕಿಟಕಿಯ ಕಂಬಿಯ ಮೇಲೆ ಬೆರಳಿನಲ್ಲಿ ಏನೋ ತಾಳ ಹಾಕುತ್ತಿದ್ದರು, ಹೆಬ್ಬೂರು ಬರುವವರೆಗೂ.

ಇನ್ನು ನಾನು ಮತ್ತೆ ಗುಬ್ಬಿಗೆ ಹೋದ ವಿಷಯ. ನವೆಂಬರ್ ಇಪ್ಪತ್ತನಾಲ್ಕು, ಭಾನುವಾರ ಮಧ್ಯಾಹ್ನ, ನಿಮ್ಮ ಹಳೇ ನಾಟಕದವರೆಲ್ಲ ಅಲ್ಲಿಯ ಪ್ರಾಕ್ಟೀಸ್ ಹಾಲಿನಲ್ಲಿ ಸೇರಿದ್ದರು. ಗಂಗರಾಜು ಏರ್ಪಾಡು ಮಾಡಿದ್ದ. ಸೊಲಾಂಜ್ ಹೊರಡುವ ಮುಂಚೆ ನಮ್ಮವರ ಜೊತೆ ಒಂದು ಸಲ ನುಡಿಸಬೇಕು ಎಂದಿದ್ದರು. ನಿಮ್ಮ ಹಾರ್ಮೋನಿಯಂ ಅನ್ನು ಲಗೇಜ್ ಆಟೋದಲ್ಲಿ ಹಾಸಿಗೆ ಸುತ್ತಿ ತಂದಿದ್ದೆವು. ಸಾಣೆ ಹಿಡಿದ ಮೀಸೆ ಹೊತ್ತ ಅಡವಿಯಪ್ಪ ಬಂದು, ಸ್ಟೂಲಿನ ಮೇಲೆ ನಾನು ಕೂತಿರುವುದನ್ನು ನೋಡಿ ಬಾಗಿಲಲ್ಲೇ ನಿಂತ. "ಫಾರಿನ್ನಿಂದ ಬಂದವ್ರು ನುಡಿಸ್ಲಿ ಬುಡು, ಅವ್ರ ಸಮಾಚಾರ ಬೇರೆ. ಮೇಷ್ಟ್ರು ಕೂತಿದ್ ಜಾಗದಲ್ಲಿ ನೀನ್ ಕೂತ್ರೆ ನಾನ್ ಹೆಂಗಮ್ಮ ಹಾಡ್ಲಿ?" ಎಂದ. ಕೊಂಕಿನಿಂದ ಅಲ್ಲ, ಅವನ ಮುಖ ನಿಜವಾಗಿ ಸಣ್ಣಗಾಗಿತ್ತು. ನಾನು ಏಳಲು ಹೋದೆ. ಸೊಲಾಂಜ್‌ಗೆ ಮಾತು ಅರ್ಥವಾಗದಿದ್ದರೂ ವಿಷಯ ಅರ್ಥವಾಗಿತ್ತು. ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು, ಅಷ್ಟೇ. ಅಷ್ಟು ಭಾರದ ಕೈ. ಕೂತೆ. "ನಿಂಗೆ ಕಷ್ಟ ಆದ್ರೆ ಹಾಡ್ಬೇಡ ಅಡವಿಯಪ್ಪ, ಕೇಳು" ಎಂದೆ. ಎಲ್ಲಿಂದ ಧೈರ್ಯ ಬಂತೋ.

ನಿಮಗೆ ಆ ಸದ್ದು ಹೇಗಿತ್ತೆಂದು ಹೇಳಬೇಕು, ಹೇಗೆ ಹೇಳಲಿ? ನಿಮ್ಮ ನಾಲ್ಕು ನಿಮಿಷವನ್ನು ಶುರುಮಾಡಿದೆ, ಕಪ್ಪು ಎರಡರ ಶ್ರುತಿಯಲ್ಲಿ. ಒಂದು ಸುತ್ತು ಸೊಲಾಂಜ್ ಕೈ ಕಟ್ಟಿ ಕೇಳುತ್ತಿದ್ದರು. ಎರಡನೇ ಸುತ್ತಿನಲ್ಲಿ ಕೀಬೋರ್ಡಿನಿಂದ ಮಂದ್ರ ಷಡ್ಜಕ್ಕಿಂತಲೂ ಎಷ್ಟೋ ಕೆಳಗಿನ ಒಂದು ಸ್ವರ ಬಿಟ್ಟರು. ಅದು ಕಿವಿಗೆ ಕೇಳುವ ಮುಂಚೆ ಪಾದಕ್ಕೆ ಬಂತು. ಬೆಂಚಿನ ಮೇಲಿದ್ದ ಟೀ ಲೋಟಗಳಲ್ಲಿ ಟೀ ನಡುಗಿತು. ಆಮೇಲೆ ಅವರ ದ್ವೀಪದ ಡೋಲು, ದೂರದಿಂದ, ಕುಂಟುತ್ತಾ ನಡೆಯುವವನ ಹಾಗೆ, ಒಂದು ಹೆಜ್ಜೆ ತಡ, ಒಂದು ಹೆಜ್ಜೆ ಬೇಗ. ಗಂಗರಾಜು ಪ್ಯಾಡಿನ ಕಡ್ಡಿ ಬಿಸಾಕಿ, ಮೂಲೆಯಲ್ಲಿದ್ದ ಹಳೇ ತಬಲಾವನ್ನೇ ಎಳೆದುಕೊಂಡ. ನಾನು ಬಿಟ್ಟ ಸ್ವರವನ್ನು ಆಕೆಯ ಡಬ್ಬಿ ಹಿಡಿದು, ಸ್ವಲ್ಪ ಹೊತ್ತಿನ ಮೇಲೆ ವಾಪಸ್ಸು ಕಳಿಸುತ್ತಿತ್ತು, ಹಾಲಿನ ಆಚೆ ಇನ್ನೊಬ್ಬರು ಕೂತು ನುಡಿಸುತ್ತಿದ್ದಾರೆ ಎನ್ನುವ ಹಾಗೆ. ಒಂದು ಸಲ ನಾನು ತಿರುಗಿ ನೋಡಿಬಿಟ್ಟೆ. ಯಾರೂ ಇರಲಿಲ್ಲ.

ಅಡವಿಯಪ್ಪ ಬಾಗಿಲಿನಿಂದ ಯಾವಾಗ ಒಳಗೆ ಬಂದನೋ ಗೊತ್ತಿಲ್ಲ. ಹಾಡೇ ಇಲ್ಲದ ಆ ಜಾಗದಲ್ಲಿ ಆಲಾಪ ತೆಗೆದ. ನಾನು ಅವನನ್ನು ಬಿಡಲಿಲ್ಲ, ಎಲ್ಲಿ ಹೋದರೂ ಹಿಂದೆಯೇ ಹೋದೆ. ಮುಗಿಯಿತು. ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದ. "ಅವತ್ತು ನಾನ್ ನಿಲ್ಲಿಸ್ಬಾರ್ದಾಗಿತ್ತು ಕಣಮ್ಮ. ಹಾಡ್ಕೊಂಡ್ ಹೋಗಿದ್ರೆ ಯಾರ್ಗೂ ಗೊತ್ತಾಗ್ತಿರ್ಲಿಲ್ಲ. ಮೇಷ್ಟ್ರು ನನ್ನ ನಲ್ವತ್ತು ಸಲ ಕಾಪಾಡವ್ರೆ, ನಾನು ಒಂದ್ಸಲ ಕಾಪಾಡ್ಲಿಲ್ಲ" ಎಂದ. ಅಷ್ಟು ದೊಡ್ಡ ಆಳು ಬೆಂಚಿನ ಮೇಲೆ ಕುಸಿದು ಕೂತ. ನಾನೊಬ್ಬಳೇ ತಪ್ಪಿತಸ್ಥೆ ಎಂದು ಇಷ್ಟು ದಿನ ಇದ್ದೆ. ಅವನೂ ಅದನ್ನು ಹೊತ್ತು ತಿರುಗುತ್ತಿದ್ದ.

ಸೊಲಾಂಜ್ ಇಪ್ಪತ್ತೇಳಕ್ಕೆ ಹೊರಟರು. ನಮ್ಮ ಬೀದಿಯ ಮಕ್ಕಳೆಲ್ಲ ಆಟೋದ ಹಿಂದೆ ಓಡಿದರು. ಮರುದಿನ ಸಂಜೆ ಬೀಗ ತೆಗೆಯುವಾಗ ಜಗಲಿ ಖಾಲಿ ಇತ್ತು, ಮತ್ತೆ ಬಾಗಿಲಲ್ಲೇ ನಿಂತೆ. ಈಗ ದಿನಾ ಒಂದು ಗಂಟೆ ನುಡಿಸುತ್ತೇನೆ. ನುಡಿಸಿ ಮುಗಿಸಿದ ಮೇಲೆ ಮನೆ ಇನ್ನೂ ದೊಡ್ಡದಾಗುತ್ತದೆ. ಊರ್ಡಿಗೆರೆಯವರು ಶಿವರಾತ್ರಿಯ ನಾಟಕಕ್ಕೆ ನೀವೇ ಮೇಷ್ಟ್ರಾಗಿ ಬನ್ನಿ ಎಂದು ನನ್ನನ್ನು ಕೇಳಿದ್ದಾರೆ. ಹೂಂ ಎಂದಿದ್ದೇನೆ. ನಿಮ್ಮನ್ನು ಕೇಳಿ ಹೇಳುತ್ತೇನೆ ಎನ್ನಬಹುದಿತ್ತು, ಆದರೆ ಅನ್ನಲಿಲ್ಲ. ಸಿಟ್ಟಾಗಬೇಡಿ. ಆದರೂ ಪರವಾಗಿಲ್ಲ, ಸಿಟ್ಟಾಗಿ, ಆದರೆ ಬರೆದು ತಿಳಿಸಿ.

ಒಳಗಿರುವ ಹಾಳೆ ಸೊಲಾಂಜ್ ಕಳಿಸಿದ್ದು. ಗಂಗರಾಜು ಕನ್ನಡ ಮಾಡಿಸಿ ಕೆಳಗೆ ಬರೆಸಿದ್ದಾನೆ. ನಿಮ್ಮ ಆ ನಾಲ್ಕು ನಿಮಿಷವನ್ನು ಅವರು ತಮ್ಮ ಹೊಸ ರೆಕಾರ್ಡಿನಲ್ಲಿ ನುಡಿಸಬೇಕೆಂದಿದ್ದಾರೆ. ನಿಮ್ಮ ಹೆಸರು ಹಾಕುತ್ತಾರೆ, ನಿಮ್ಮ ಒಪ್ಪಿಗೆ ಇಲ್ಲದೆ ಮುಟ್ಟುವುದಿಲ್ಲ. ಅದಕ್ಕೊಂದು ಹೆಸರು ಬೇಕಂತೆ. ಅದಕ್ಕೆ ಹೆಸರೇ ಇರಲಿಲ್ಲ ಎಂದು ನನಗೂ ಆಗಲೇ ಗೊತ್ತಾಗಿದ್ದು. ಒಪ್ಪಿಗೆಯಿದ್ದರೆ ಹೆಸರು ಬರೆದು ಸಹಿ ಹಾಕಿ. ಬೇಡವೆಂದರೆ ಬೇಡ ಎಂದು ಬರೆಯಿರಿ, ಅವರಿಗೆ ಬೇಸರವಿಲ್ಲ. ಉತ್ತರ ಇಲ್ಲದೆ ಇರುವುದೊಂದನ್ನು ಮಾತ್ರ ಮಾಡಬೇಡಿ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ, ಕಣ್ಣಿಗೆ ಹನಿ ಹಾಕುವುದನ್ನು ಮರೆಯಬಾರದೆಂದು ಹೇಳಿ. ಬೆಳಿಗ್ಗೆ ಮಿಲ್ಲಿಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಹಿಟ್ಟು ಎದೆಗೆ ಹೋದರೆ ಕೆಮ್ಮು ಹಿಡಿಯುತ್ತದೆ. ಸ್ವೆಟರ್ ಹಾಕಿಕೊಳ್ಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ,
ನೇತ್ರಾವತಿ

ಮರೆತಿದ್ದೆ. ಮರೆತಿದ್ದೆ ಎನ್ನುವುದು ಸುಳ್ಳು, ಬರೆಯಲೋ ಬೇಡವೋ ಎಂದು ಪೆನ್ನು ಮುಚ್ಚಿ ಮತ್ತೆ ತೆಗೆದೆ. ಐದು ಭಾನುವಾರದಿಂದ ಬೆಳಿಗ್ಗೆ ನಾನು ಒಂದು ಕ್ಲಾಸಿಗೆ ಹೋಗುತ್ತಿದ್ದೇನೆ. ಕಿವಿ ಕೇಳದ ಮಕ್ಕಳ ಸ್ಕೂಲಿನಲ್ಲಿ, ಆ ಮಕ್ಕಳ ಅಪ್ಪ ಅಮ್ಮಂದಿರಿಗೆ ಸನ್ನೆ ಭಾಷೆ ಹೇಳಿಕೊಡುತ್ತಾರೆ. ಎಲ್ಲರೂ ಚಿಕ್ಕ ವಯಸ್ಸಿನ ತಾಯಂದಿರು. ಮೊದಲ ದಿನ ಟೀಚರಮ್ಮ ನನ್ನನ್ನು, "ನಿಮ್ ಮಗುಗೆ ಎಷ್ಟ್ ವರ್ಷ?" ಎಂದು ಕೇಳಿದರು. ಐವತ್ತೊಂಬತ್ತು ಎಂದೆ. ಯಾರೂ ನಗಲಿಲ್ಲ, ಪಕ್ಕದಲ್ಲಿದ್ದ ಹುಡುಗಿ ಸರಿದು ಜಾಗ ಕೊಟ್ಟಳು. ಇವತ್ತಿಗೆ ಮೂವತ್ತೆರಡು ಮಾತು ಬರುತ್ತವೆ. ಕನ್ನಡಿಯ ಮುಂದೆ ಆಡಿ ನೋಡುತ್ತೇನೆ, ಆದರೆ ಕನ್ನಡಿ ನಾನು ಹೇಳಿದ್ದನ್ನೇ ಹೇಳುತ್ತದೆ. ಬರುವ ಭಾನುವಾರ ಕ್ಲಾಸಿಗೆ ಹೋಗದೆ ನೇರ ಕುಣಿಗಲ್ಲಿಗೆ ಬರುತ್ತೇನೆ. ನಿಮ್ಮನ್ನು ಕರೆದುಕೊಂಡು ಬರುವುದಕ್ಕಲ್ಲ, ಮಾತಾಡುವುದಕ್ಕೆ. ನಾನು ಬರುವುದು ನಿಮಗೆ ಬೇಡವಾದರೆ, ವಾಪಸ್ಸು ಹೋಗು ಎನ್ನುವುದಕ್ಕೂ ಒಂದು ಸನ್ನೆ ಇದೆ. ಅದನ್ನು ನಾನೇ ನಿಮಗೆ ಹೇಳಿಕೊಡುತ್ತೇನೆ.